ನಡುವಿನ ಹಲಗೆ

ಮರುದಿನ ಬೆಳಿಗ್ಗೆ ಅನನ್ಯಳಿಗೆ ಬಳೆ ತೊಡಿಸುವ ಶಾಸ್ತ್ರ. ಜಯಲಕ್ಷ್ಮಿಪುರಂನ ಅವಳ ತವರುಮನೆಯ ಹಜಾರದಲ್ಲಿ ಹಸಿರು ಬಳೆಯ ಮಲಾರ ಬಿಚ್ಚಿ ಹರಡಿತ್ತು. ಸೀರೆ, ಹಣ್ಣಿನ ತಟ್ಟೆಗಳನ್ನು ಹಿಂದಿನ ಸಂಜೆಯೇ ಮುಟ್ಟಿಸಿ ಹೊರಟುಬಿಡೋಣವೆಂದು ಲಕ್ಷ್ಮೀಪುರಂನಿಂದ ಬಂದಿದ್ದ ಅತ್ತೆ ಮೈತ್ರೇಯಿಯವರನ್ನೂ ಅವರ ಮಗಳು ಶಿಲ್ಪಶ್ರೀಯನ್ನೂ ಮಳೆ ಕಟ್ಟಿಹಾಕಿತ್ತು. ಶ್ರಾವಣದ ಮಳೆ ಅಷ್ಟು ಜೋರಾಗಿ ಹೊಡೆಯುವುದು ಮೈಸೂರಿನಲ್ಲಿ ಅಪರೂಪ. ಕಾಂಪೌಂಡಿನ ಆಚೆ ರಸ್ತೆ ಕಾಣುತ್ತಿರಲಿಲ್ಲ, ಕರೆಂಟು ಹೋಗಿತ್ತು, ಹಜಾರದ ಮೂಲೆಯಲ್ಲಿ ಒಂದು ಚಾರ್ಜರ್ ದೀಪ ಮಾತ್ರ ಉರಿಯುತ್ತಿತ್ತು.

ಬಚ್ಚಲಿಗೆ ಹೋಗಿ ಬಂದ ಶಿಲ್ಪಶ್ರೀ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, “ಅಲ್ಲ ದೊಡ್ಡಮ್ಮ, ನಿಮ್ಮನೇಲಿ ಬಚ್ಚಲಿಗೂ ಚಿಲಕ ಇಲ್ವಲ್ಲ. ಒಂದು ಕೈಲಿ ಬಾಗಿಲು ಹಿಡ್ಕೊಂಡೇ ಇರ್ಬೇಕಾಯ್ತು” ಎಂದಳು.

ಮೈತ್ರೇಯಿ ಮಗಳನ್ನು ಕಣ್ಣಲ್ಲೇ ಗದರಿದರು. ಆದರೆ ಅವರೂ ಅದನ್ನು ನೋಡಿಯಾಗಿತ್ತು. ಬಚ್ಚಲಿಗಷ್ಟೇ ಅಲ್ಲ, ಆ ಮನೆಯ ಯಾವ ಕೋಣೆಯ ಬಾಗಿಲಿಗೂ ಚಿಲಕವಿರಲಿಲ್ಲ. ಚಿಲಕವಿದ್ದ ಕಡೆ ಸ್ಕ್ರೂ ಬಿಚ್ಚಿದ ತೂತುಗಳಿಗೆ ಮೇಣ ತುಂಬಿದ್ದರು. ಮದುವೆಯಾಗಿ ಒಂದೂವರೆ ವರ್ಷದಲ್ಲಿ ಸೊಸೆಯ ನಡವಳಿಕೆಯಲ್ಲಿ ಕಂಡ ಒಂದೊಂದನ್ನೂ ಮೈತ್ರೇಯಿ ಯಾರಿಗೂ ಹೇಳದೆ ಮನಸ್ಸಿನಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದರು. ಹುಡುಗಿಗೆ ಏನೋ ಇದೆ, ತವರಿನವರು ಮುಚ್ಚಿಟ್ಟು ಕೊಟ್ಟಿದ್ದಾರೆ ಎಂಬ ಗುಮಾನಿ. ಇವತ್ತು ಕೇಳಿಯೇಬಿಡಬೇಕು, ಹುಟ್ಟುವ ಮಗುವಿನ ಪ್ರಶ್ನೆ ಇದು ಎಂದು ನಿಶ್ಚಯಿಸಿಕೊಂಡೇ ಆಟೋ ಹತ್ತಿದ್ದರು. ಬಂದ ಮೇಲೆ ಬಾಯಿ ಬಂದಿರಲಿಲ್ಲ.

ಚಂದ್ರಮತಿ ಬಳೆಗಳನ್ನು ಅಳತೆ ನೋಡಿ ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. ಅವರು ಅನನ್ಯಳ ಸೋದರತ್ತೆ, ಅವಳ ತಂದೆ ಗೋವಿಂದರಾಜುವಿಗೆ ಅಕ್ಕ. ತಾಯಿಯಿಲ್ಲದ ಹುಡುಗಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವರು ಅವರೇ. ವಯಸ್ಸು ಎಂಬತ್ತರ ಹತ್ತಿರ, ನಾಲಗೆಗೆ ಮಾತ್ರ ಇನ್ನೂ ಮುಪ್ಪು ಬಂದಿರಲಿಲ್ಲ.

“ಕೂತ್ಕೋ ಶಿಲ್ಪಶ್ರೀ. ಮೈತ್ರೇಯಿಯವರೇ, ನೀವೂ ಇತ್ಲಾಗೆ ಬನ್ನಿ, ಕಿಟಕಿ ಹತ್ರ ಎರಚಲು ಬಡಿಯುತ್ತೆ” ಎಂದರು. “ಗೋವಿಂದನೂ ಅಳಿಯ ಅಭಿರಾಮನೂ ಹೂವಿಗೆ ಅಂತ ಮಾರ್ಕೆಟ್ಟಿಗೆ ಹೋಗಿದಾರೆ, ಈ ಮಳೇಲಿ ಅಷ್ಟು ಬೇಗ ಬರಲ್ಲ. ಗೋವಿಂದನ ಮುಂದೆ ಈ ಮಾತು ಎತ್ತೋ ಹಾಗಿಲ್ಲ. ಅನನ್ಯ ಮಲಗಿದಾಳೆ. ನಿಮ್ಮ ಹೊಟ್ಟೇಲಿರೋ ಪ್ರಶ್ನೆ ನನಗೆ ಗೊತ್ತು ಕಣ್ರಮ್ಮ. ನಾನು ನಿಮ್ಮ ಜಾಗದಲ್ಲಿದ್ರೂ ಅನುಮಾನ ಪಡ್ತಿದ್ದೆ. ನೀವು ಕೇಳಿ, ನಾವು ತಡವರಿಸಿ, ಆಮೇಲೆ ಇಬ್ಬರ ಮುಖಾನೂ ಕೆಟ್ಟು… ಅದೆಲ್ಲ ಯಾಕೆ? ನಾನೇ ಹೇಳ್ಬುಡ್ತೀನಿ. ಆದ್ರೆ ಪೂರ್ತಿ ಕೇಳ್ಬೇಕು. ಅರ್ಧಕ್ಕೆ ಎದ್ದು ಹೋಗೋ ಹಾಗಿಲ್ಲ.”

ಶಿಲ್ಪಶ್ರೀ ಕಾಲು ಮಡಚಿ ಕೂತಳು. ಮೈತ್ರೇಯಿ ಗೋಡೆಗೆ ಒರಗಿದರು. ಚಂದ್ರಮತಿ ದೀಪವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ಶುರುಮಾಡಿದರು.

*

ನಮ್ಮ ಗೋವಿಂದ ಹುಟ್ಟಿದಾಗ್ಲಿಂದ ಅನುಮಾನದ ಪ್ರಾಣಿ ಕಣಮ್ಮ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ ಇದೆಯಲ್ಲ, ಅವನು ಹಾಲನ್ನೇ ಹಾಲು ಅಂತ ಒಪ್ಪೋನಲ್ಲ. ದೇವರು ಅವನಿಗೆ ತಕ್ಕ ಕೆಲಸಾನೇ ಕೊಟ್ಟ. ಕಾರವಾರದ ಕಡೆ ಬಂದರಿನಲ್ಲಿ ದೋಣಿ ಪರೀಕ್ಷೆ ಮಾಡೋದು… ಮೀನು ಹಿಡಿಯೋರ ದೋಣಿ ನೀರಿಗೆ ಯೋಗ್ಯವೋ ಅಲ್ಲವೋ, ತಳದಲ್ಲಿ ಹುಳ ಹಿಡಿದಿದೆಯೋ, ಮೊಳೆ ತುಕ್ಕು ತಿಂದಿದೆಯೋ, ಇವನು ಒಂದು ಸಣ್ಣ ಮರದ ಸುತ್ತಿಗೆ ಹಿಡ್ಕೊಂಡು ಒಂದೊಂದು ಹಲಗೇನೂ ತಟ್ಟಿ, ಕಿವಿ ಕೊಟ್ಟು ಕೇಳಿ, ಆಮೇಲೆ ಸರಿ ಅಂದ್ರೆ ಸರಿ. ಗಟ್ಟಿ ಮರ ಠಣ್ ಅನ್ನುತ್ತೆ, ಒಳಗೆ ಕೊಳೆತದ್ದು ದಬ್ ಅನ್ನುತ್ತೆ. ಸರ್ವೀಸೆಲ್ಲ ಹಾಗೆ ತಟ್ಟಿ ತಟ್ಟಿ, ರಿಟೈರ್ ಆಗಿ ಹುಟ್ಟಿದ ಊರಿಗೇ ವಾಪಸ್ಸು ಬಂದ್ಬುಟ್ಟ. ಇಲ್ಲಿ ಸಮುದ್ರ ಎಲ್ಲಿದೆ? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡ್ಬೇಕು ಅಷ್ಟೆ. ತಟ್ಟೋ ಕೈ ಸುಮ್ನಿರುತ್ತಾ? ಕಲ್ಲಂಗಡಿ ಹಣ್ಣು ತಟ್ಟಿದ, ಬಾಡಿಗೆ ಮನೆ ಗೋಡೆ ತಟ್ಟಿದ. ನಿಮ್ಮ ಅಭಿರಾಮನ್ನ ನೋಡೋಕೆ ಬಂದ ದಿನ ‘ಚೆನ್ನಾಗಿದೀಯೇನಪ್ಪಾ’ ಅಂತ ಬೆನ್ನು ತಟ್ಟಿದನಲ್ಲ, ಅದು ಪ್ರೀತಿ ಅಂದ್ಕೊಂಡಿದ್ರಾ? ಠಣ್ ಅಂತೋ ದಬ್ ಅಂತೋ ಕೇಳ್ತಿದ್ದ.

ನಗಿ, ಪರವಾಗಿಲ್ಲ. ಈಗ ನಗಬಹುದು.

ನಿಶ್ಚಿತಾರ್ಥ ಆದ ಮೇಲಿನ ಮಾತಿದು. ಮಂಡಕಳ್ಳಿ ಆಚೆ ವಾಗೀಶ ಅಂತ ಒಬ್ಬ ಮದುವೆ ಹಾಲ್ ಕಟ್ಟಿಸಿದಾನೆ. ಮಧ್ಯದಲ್ಲಿ ಒಂದು ಕೊಳ ತೋಡಿ, ಸುತ್ತ ಮೆಟ್ಟಿಲು ಮಾಡಿ… ಈಗಿನೋರಿಗೆ ವಧು ನಡ್ಕೊಂಡು ಬಂದ್ರೆ ಸಾಲದಲ್ಲ, ತೇಲಿಕೊಂಡು ಬರಬೇಕು. ಅವರದು ಹಳೇ ಅರಮನೆ ಚಾಕರಿಯ ಮನೆತನ. ಅವನ ಮುತ್ತಜ್ಜ ಮಾಡಿಸಿದ್ದ ಒಂದು ದೋಣಿ ಅವರ ತೋಟದ ಶೆಡ್ಡಲ್ಲಿ ಬಿದ್ದಿತ್ತಂತೆ. ಅದನ್ನ ರಿಪೇರಿ ಮಾಡಿಸಿ ಕೊಳಕ್ಕೆ ಬಿಡ್ಬೇಕು, ಪರೀಕ್ಷೆ ಮಾಡೋರು ಮೈಸೂರಲ್ಲಿ ಯಾರಿದಾರೆ ಅಂತ ಹುಡುಕ್ಕೊಂಡು ಇವನ ಹತ್ರ ಬಂದ. ‘ನೀವು ನೋಡಿ ಸರಿ ಅಂದ್ಬುಡಿ ಸಾರ್, ನಿಮ್ಮ ಮಗಳ ಫೋಟೋ ಶೂಟ್ ಅದರಲ್ಲೇ ಮೊದಲು ಆಗ್ಲಿ’ ಅಂದ. ಗೋವಿಂದನಿಗೆ ಒಳಗೊಳಗೇ ಸಂತೋಷ. ಈ ಊರಲ್ಲಿ ಅವನ ವಿದ್ಯೆ ಬೇಕು ಅಂತ ಬಂದೋರು ಅದೇ ಮೊದಲು. ಅಷ್ಟೇ ಅನುಮಾನ ಕೂಡ. ಪುಕ್ಕಟೆ ಯಾರು ಏನು ಕೊಡ್ತಾರೆ? ಇದರಲ್ಲಿ ಏನೋ ಹುಳುಕಿದೆ, ಆ ಹುಳುಕನ್ನ ನನ್ನ ಬಾಯಲ್ಲಿ ಮುಚ್ಚಿಸೋಕೆ ಬಂದಿದಾನೆ ಅಂತ ಅವತ್ತೇ ನನ್ನ ಹತ್ರ ಅಂದ. ಅಂದು, ಸುತ್ತಿಗೆ ಹುಡುಕ್ಕೊಂಡು ಅಟ್ಟ ಹತ್ತಿದ.

ಹೋಗಿ ನೋಡಿದ್ರೆ ದೋಣಿ ಏನು ಚೆಂದ ಅಂತೀರಿ… ಮರದ ಸ್ಟ್ಯಾಂಡುಗಳ ಮೇಲೆ ಎತ್ತಿ ಇಟ್ಟಿದ್ರು, ಕೆಳಗೆ ಮಲಗಿ ತಳ ನೋಡೋ ಹಾಗೆ. ಒಳ್ಳೇ ಬೀಟೆ, ತೇಗ. ಅಂಚಿಗೆಲ್ಲ ಹೂಬಳ್ಳಿ ಕೆತ್ತನೆ. ಅಷ್ಟು ಚೆಂದ ಇದ್ದದ್ದೇ ಇವನ ಅನುಮಾನಕ್ಕೆ ಮೊದಲ ಕಾರಣ. ಯಾಕೆ ಅಂದ್ರೆ, ಅದನ್ನ ಮಾಡಿದೋನು ದೋಣಿ ಮಾಡೋನಲ್ಲ, ಬೀರು ಮಾಡೋನು. ಮೈಸೂರಿನ ಬಡಗಿಗೆ ಸಂದು ಅಂದ್ರೆ ಅವಮಾನ. ಹಲಗೆಗೆ ಹಲಗೆ ಕೂರಿಸಿದ್ರೆ ಮಧ್ಯೆ ಕೂದಲೂ ಹೋಗ್ಬಾರದು. ಬೀರುವಿಗೆ ಅದು ಸರಿ. ದೋಣಿಗೆ ಹಾಗಲ್ವಂತೆ. ಮರ ನೀರು ಕುಡಿದ್ರೆ ಊದಿಕೊಳ್ಳುತ್ತೆ, ಊದೋಕೆ ಅಂತ ಸಂದು ಬಿಡಬೇಕು, ಆ ಸಂದಿಗೆ ಹತ್ತಿನೂಲು ತುರುಕಿ ಮೇಲೆ ರಾಳ ಮೆತ್ತಬೇಕು. ಸಂದೇ ಇಲ್ಲದಿದ್ರೆ? ಹಲಗೆಗಳು ಒಂದನ್ನೊಂದು ತಳ್ಳಿ, ಮೊಳೆ ಕಿತ್ಕೊಂಡು, ಯಾವುದಾದ್ರೂ ಒಂದು ಹೊರಕ್ಕೆ ಹಾರ್ಬೇಕು. ‘ಎಷ್ಟು ಸಲ ನೀರಿಗಿಳಿದಿದೆ ಇದು?’ ಅಂತ ಕೇಳಿದ. ವಾಗೀಶ ‘ಇಳಿದೇ ಇಲ್ಲ ಸಾರ್’ ಅಂದ. ಅಷ್ಟು ದುಡ್ಡು ಸುರಿದು ಮಾಡಿಸಿದ ದೋಣಿ, ಒಂದು ದಿನಾನೂ ನೀರು ಮುಟ್ಟಿಲ್ಲ ಅಂದ್ರೆ… ನಿಮಗಾದ್ರೆ ಏನನ್ನಿಸುತ್ತೆ?

ಗೋವಿಂದ ಕೆಳಗೆ ಚಾಪೆ ಹಾಕ್ಕೊಂಡು, ಅಂಗಾತ ಮಲಗಿ, ತಳದ ಹಲಗೆಗಳನ್ನ ಒಂದು ಕಡೆಯಿಂದ ತಟ್ತಾ ಬಂದ. ಠಣ್, ಠಣ್… ಎಲ್ಲ ಗಟ್ಟಿ. ನಡುವಿನ ಹಲಗೆಗೆ ಬಂದ. ಅದು ಬೇರೆಯವಕ್ಕಿಂತ ಅಗಲ, ಒಂದೇ ಮರ, ಬಣ್ಣಾನೂ ಬೇರೆ, ವಯಸ್ಸೂ ಹೆಚ್ಚು. ಟಾರ್ಚ್ ಬಿಟ್ಟು ನೋಡ್ತಾನೆ, ಒಂದು ಅಂಚಲ್ಲಿ ಕೆತ್ತನೆ ಇದ್ದದ್ದನ್ನ ಹತ್ತರಿ ಹೊಡೆದು ನುಣ್ಣಗೆ ಮಾಡಿದಾರೆ. ಎರಡು ದೊಡ್ಡ ತೂತಿಗೆ ಮರದ ಬಿರಟೆ ಬಡಿದಿದಾರೆ. ಆ ತೂತಿನ ಕೆಳಗೆ, ಮರದ ಮೇಲೆ ಅರ್ಧಚಂದ್ರದ ಹಾಗೆ ಒಂದು ಗೀರು. ತುಂಬಾ ದಿನ ಸರಪಣಿ ಚಿಲಕ ತೂಗಾಡಿ ಉಜ್ಜಿದ್ರೆ ಬೀಳುತ್ತಲ್ಲ, ಆ ಗೀರು. ಗೊತ್ತಾಯ್ತೇನು? ಅದು ಹಲಗೆ ಅಲ್ಲ ಕಣ್ರಮ್ಮ. ಯಾವುದೋ ಮನೆಯ ಬಾಗಿಲು. ಚಿಲಕ ಇದ್ದ ಹೊರಮೈ ಕೆಳಗೆ, ನೀರಿನ ಕಡೆ… ಒಳಮೈ ಮೇಲೆ, ದೋಣಿಯ ಒಳಗಡೆ.

ಅದನ್ನೂ ತಟ್ಟಿದ. ಠಣ್ ಅಂತು. ಇನ್ನೊಂದು ಸಲ ತಟ್ಟಿದ. ಸುತ್ತಿಗೆ ಕೆಳಗಿಟ್ಟು ಬೆವರು ಒರೆಸ್ಕೋತಿದ್ದಾಗ ಮೇಲಿಂದ, ದೋಣಿ ಒಳಗಿಂದ, ಟಕ್ ಟಕ್ ಅಂತ ಯಾರೋ ತಿರುಗಿ ತಟ್ಟಿದ್ರು.

ರಿಪೇರಿ ಬಡಗಿ ಮಹದೇವ ಒಳಗೆ ಕೂತು ಆಟ ಆಡ್ತಿದಾನೆ ಅಂದ್ಕೊಂಡ. ‘ಇಳಿಯಯ್ಯ ಕೆಳಗೆ, ಮುದುಕನ ಹತ್ರ ಏನು ತಮಾಷೆ’ ಅಂತ ಗದರಿದ್ರೆ, ಅಷ್ಟು ದೂರದ ನಲ್ಲಿ ಹತ್ರದಿಂದ ಉತ್ತರ ಬಂತು, ‘ನಾನ್ ಇಲ್ಲಿವ್ನಿ ಸಾರ್, ಕೈ ತೊಳ್ಕತಾ ಇವ್ನಿ.’ ಎದ್ದು ಇಣುಕಿದ. ಒಳಗೆ ಯಾರೂ ಇಲ್ಲ.

ಹೆದರ್ಕೊಂಡ ಅಂದ್ಕೊಂಡ್ರಾ? ಹೆದರೋದು ನಂಬೋರು. ಅನುಮಾನ ಇರೋನು ಹುಡುಕ್ತಾನೆ. ವಾಚ್‌ಮನ್ ಮೇಲೆ ಅನುಮಾನ, ಹೆಗ್ಗಣದ ಮೇಲೆ ಅನುಮಾನ, ಬಿಸಿಲಿಗೆ ಕಾದ ತಗಡಿನ ಮೇಲೆ ಅನುಮಾನ. ಮಾರನೇ ದಿನ ಹೋಗೋವಾಗ ನನ್ನ ರಂಗೋಲಿ ಡಬ್ಬಿ ಎತ್ಕೊಂಡು ಹೋದ. ದೋಣಿ ಒಳಗೆಲ್ಲ ಪುಡಿ ಉದುರಿಸಿ, ಶೆಡ್ಡಿಗೆ ತಾನೇ ಬೀಗ ಹಾಕಿ, ಹೊರಗೆ ಕುರ್ಚಿ ಹಾಕ್ಕೊಂಡು ಕೂತ. ಮಧ್ಯಾಹ್ನ ಟಕ್ ಟಕ್. ಬೀಗ ತೆಗೆದು ನೋಡಿದ್ರೆ ಪುಡಿ ಹಾಗೇ ಇದೆ, ಒಂದು ಇಲಿ ಹೆಜ್ಜೆ ಕೂಡ ಇಲ್ಲ. ಕೆಲಸ ತಪ್ಪಿಸೋಕೆ ಮಹದೇವ ಏನೋ ಯುಕ್ತಿ ಮಾಡಿದಾನೆ ಅಂತ ಅವನ ಮೇಲೆ ಹರಿಹಾಯ್ದ. ಪಾಪ, ಆ ಮನುಷ್ಯ ಸಾಮಾನು ಕಟ್ಕೊಂಡು, ‘ಬೇರೆಯೋರ್ನ ನೋಡ್ಕಳಿ’ ಅಂತ ಹೊರಟೇಬುಟ್ಟಿದ್ದ. ವಾಗೀಶ ಕೈಕಾಲು ಹಿಡ್ದು ನಿಲ್ಲಿಸ್ದ.

ವಾಗೀಶನ್ನೂ ಬಿಡ್ಲಿಲ್ಲ ಇವನು. ‘ಆ ನಡುವಿನ ಹಲಗೆ ಎಲ್ಲಿಂದ ಬಂತಪ್ಪಾ?’ ಅಂತ ಕೇಳಿದ, ಅಷ್ಟೇ ಕೇಳಿದ್ದು. ಅದಕ್ಕೆ ವಾಗೀಶ ಏನಂದ ಗೊತ್ತಾ? ‘ಬಾಗಿಲು ಗೀಗಿಲು ಏನೂ ಅಲ್ಲ ಸಾರ್, ಯಾವುದೋ ಹಳೇ ಮರ.’ ಬಾಗಿಲು ಅಂತ ಇವನು ಅಂದೇ ಇಲ್ಲ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಇವನಿಗೆ ಸಿಕ್ಕಿಹಾಕ್ಕೊಂಡ್ಯಲ್ಲ ಮಗನೇ ಅಂತ ಖುಷಿ. ಕದ್ದ ಬಾಗಿಲು ಇರ್ಬೇಕು, ಅರಮನೆಯದೇ ಇರ್ಬೇಕು, ಅದಕ್ಕೇ ಮುಚ್ಚಿಡ್ತಿದಾನೆ ಅಂತ ತೀರ್ಮಾನ ಮಾಡ್ಕೊಂಡ. ಅನುಮಾನ ಸರಿಯಾಗೇ ಇತ್ತು ಕಣ್ರೀ. ಹೋದ ದಾರಿ ತಪ್ಪು.

ಇಲ್ಲೇ ಆ ತಪ್ಪು ನಡೆದದ್ದು. ಅವತ್ತು ಸಾಯಂಕಾಲ ದೋಣಿ ಕೆಳಗೆ ಮಲ್ಕೊಂಡು ಅಳತೆ ಬರ್ಕೋತಿದ್ದಾನೆ, ಮನಸ್ಸೆಲ್ಲ ಲೆಕ್ಕದಲ್ಲಿದೆ. ಟಕ್ ಟಕ್ ಅಂತು. ಯಾರೋ ಬಾಗಿಲು ತಟ್ಟಿದ್ರೆ ನಾವು ಏನಂತೀವಿ? ಸ್ನಾನ ಮಾಡ್ತಿದ್ರೂ, ಬಾಯಲ್ಲಿ ತುತ್ತಿದ್ರೂ, ಏಳೋ ಮನಸ್ಸು ಇಲ್ಲದಿದ್ರೂ… ಏನಂತೀವಿ? ಈ ಊರಲ್ಲಿ ಹುಟ್ಟಿದೋರಿಗೆ ಅದು ತಾಯಿ ಹಾಲಿನ ಜೊತೆ ಬಂದಿರುತ್ತೆ. ಪೆನ್ಸಿಲ್ಲು ಬಾಯಲ್ಲಿ ಕಚ್ಕೊಂಡೇ ಗೋವಿಂದ ಅಂದ, ‘ಬಂದೆ, ಬಂದೆ.’

ಸದ್ದು ನಿಂತುಹೋಯ್ತು.

ಯಾವಾಗ ತಟ್ಟಿದ್ರೂ ಹಾಗಂದ್ರೆ ನಿಲ್ಲುತ್ತೆ ಅಂತ ಗೊತ್ತಾಯ್ತು ಅವನಿಗೆ. ಆಮೇಲಾಮೇಲೆ ತಲೆ ಕೂಡ ಎತ್ತುತ್ತಿರಲಿಲ್ಲ. ಟಕ್ ಟಕ್ ಅಂದ್ರೆ ‘ಬಂದೆ’ ಅನ್ನೋದು, ಕೆಲಸ ಮಾಡ್ಕೊಳ್ಳೋದು. ಊರೋರ ಮೇಲೆಲ್ಲ ಅನುಮಾನಪಟ್ಟ ಮನುಷ್ಯ, ತನ್ನ ಬಾಯಿ ಮೇಲೊಂದು ಪಡ್ಲಿಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.

ಇನ್ನು ಆ ಬಾಗಿಲು ಯಾರದ್ದು ಅಂತ ಹೇಳ್ತೀನಿ. ಇದು ನಮಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ನಾನೇ ವಾಗೀಶನ ದೊಡ್ಡಮ್ಮ ಚಾಮುಂಡೇಶ್ವರಿಯನ್ನ ಹಿಡ್ಕೊಂಡು ಕೂತು, ಬಾಯಿ ಬಿಡಿಸಿದ್ದು. ಆಕೆಯ ಅಜ್ಜಿ ಹೇಳ್ತಿದ್ರಂತೆ. ಪ್ಲೇಗು ಬಂದ ಕಾಲ. ಇಲಿ ಬಿತ್ತು ಅಂದ್ರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕ್ಕೊಳ್ಳೋರಂತೆ ಜನ. ವಾಗೀಶನ ಹಿರೀಕರ ಮನೇಲಿ ಇಲಿ ಬೀಳೋದಕ್ಕೂ, ಹೊಸದಾಗಿ ಬಂದಿದ್ದ ಸೊಸೆಗೆ ಜ್ವರ ಬಂದು ಗಡ್ಡೆ ಏಳೋದಕ್ಕೂ ಸರಿಹೋಯ್ತು. ಚಿಕ್ಕ ಹುಡುಗಿ, ಗಂಡನ ಮುಖ ಕೂಡ ಸರಿಯಾಗಿ ನೋಡಿರಲಿಲ್ಲವೇನೋ. ಅವಳನ್ನ ಒಳಗೆ ಮಲಗಿಸಿ, ನೀರಿನ ಕೊಡ ಇಟ್ಟು, ಹೊರಗಿಂದ ಸರಪಣಿ ಚಿಲಕ ಹಾಕಿದ್ರು. ‘ಇಲ್ಲೇ ಬೀದೀಲೇ ಇರ್ತೀವಮ್ಮ, ಏನಾದ್ರೂ ಬೇಕಾದ್ರೆ ಬಾಗಿಲು ತಟ್ಟು, ಬರ್ತೀವಿ’ ಅಂದ್ರಂತೆ ಅತ್ತೆ. ಅವಳು ತಟ್ಟಿದ್ಲು. ಇವರು ಬೀದಿ ಆಚೆಯಿಂದ ‘ಬಂದೆ ಕಣಮ್ಮ, ಬಂದೆ’ ಅಂದ್ರು. ತೆಗೀಲಿಲ್ಲ. ಮತ್ತೆ ತಟ್ಟಿದ್ಲು. ‘ಬಂದೆ, ಬಂದೆ.’ ಸಂಜೆ ಹೊತ್ತಿಗೆ ಗಾಡಿ ಕಟ್ಕೊಂಡು ಹೊರಟರು. ಹೊರಡೋವಾಗ್ಲೂ ತಟ್ಟೋದು ಕೇಳಿಸ್ತಿತ್ತಂತೆ. ಅತ್ತೆ ಗಾಡಿಯಿಂದಲೇ ಇನ್ನೊಂದು ಸಲ ‘ಬಂದೆ’ ಅಂದ್ರಂತೆ… ಮಗು ಸಮಾಧಾನವಾಗಿರ್ಲಿ ಅಂತ.

ಅವಳ ಹೆಸರೇನು ಅಂತ ಕೇಳಿದೆ. ಚಾಮುಂಡೇಶ್ವರಿಗೆ ಗೊತ್ತಿಲ್ಲ. ಆ ಮನೇಲಿ ಯಾರಿಗೂ ಗೊತ್ತಿಲ್ಲ. ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆಮೇಲೆ ಆ ಮನೆ ಕೆಡವಿದಾಗ ಬಾಗಿಲು ಉಳ್ಕೊಂತು. ಒಳ್ಳೇ ತೇಗ, ಸುಡೋಕೆ ಮನಸ್ಸಿಲ್ಲ. ಯಾವ ಮನೆಗೂ ಹಾಕೋ ಹಾಗಿಲ್ಲ. ಮುತ್ತಜ್ಜ ಯೋಚನೆ ಮಾಡಿ, ದೋಣಿ ಏನು ಮನೆಯಲ್ಲವಲ್ಲ ಅಂತ ಬಡಗಿಗೆ ಕೊಟ್ರಂತೆ. ದೋಣಿ ಮುಗಿಯಿತು, ಒಳಗಿಂದ ಸದ್ದು ಶುರುವಾಯ್ತು, ಯಾರೂ ನೀರಿಗಿಳಿಸಲಿಲ್ಲ. ವಾಗೀಶನಿಗೆ ಇದೆಲ್ಲ ಗೊತ್ತಿತ್ತು. ಅಜ್ಜಿ ಕತೆ ಅಂತ ತಳ್ಳಿಹಾಕಿದ್ದ.

ಈಗ ಗೋವಿಂದನ ಕಡೆ ಬನ್ನಿ. ಪರೀಕ್ಷೆ ಮುಗಿಸಿ, ನಡುವಿನ ಹಲಗೆ ಬಿಚ್ಚಿ ತೆಗೀಬೇಕು, ಹೊಸದು ಹಾಕಿ ಸಂದು ಬಿಡಬೇಕು ಅಂದ. ಸರಿಯಾದ ಮಾತು. ಹಾಗೆ ಮಾಡಿದ್ರೆ ಎಲ್ಲ ಅಲ್ಲಿಗೇ ತೀರ್ತಿತ್ತು. ಆದ್ರೆ ಅದನ್ನ ಬಿಚ್ಚಿದ್ರೆ ತಳವೆಲ್ಲ ಬಿಚ್ಚಬೇಕು, ಮದುವೆ ಸೀಸನ್ ಕಳೆದುಹೋಗುತ್ತೆ ಅಂತ ವಾಗೀಶ ಗೋಗರೆದ. ಅನನ್ಯ ಬೇರೆ ಆಗಲೇ ಸೀರೆ ಆರಿಸಿ ಇಟ್ಕೊಂಡಿದ್ಲು, ‘ಅಪ್ಪ ಸರಿ ಮಾಡಿಸಿದ ದೋಣಿ’ ಅಂತ ಸ್ನೇಹಿತೆಯರಿಗೆಲ್ಲ ಹೇಳ್ಕೊಂಡು ಬಂದಿದ್ಲು. ಮಗಳು ಹಾಗೆ ಹೆಮ್ಮೆಪಟ್ಟಿದ್ದು ಅವನ ತಲೆಗೇರಿತ್ತು. ಬೇರೆ ಹಲಗೆಗಳ ಸಂದು ಕೆತ್ತಿಸಿ ನೂಲು ತುಂಬಿಸ್ತೀನಿ, ಇದೊಂದಕ್ಕೆ ಅಡ್ಡಲಾಗಿ ಗಟ್ಟಿ ಹಿತ್ತಾಳೆ ಪಟ್ಟಿ ಹೊಡೆಸ್ತೀನಿ ಅಂತ ಒಪ್ಪಿಕೊಂಡ. ಎಲ್ಲಿ ಹೊಡೆಸಿದ? ಕೆಳಗೆ. ಹೊರಮೈಗೆ. ಹಳೇ ಚಿಲಕದ ಗೀರಿನ ಮೇಲೇ.

ನೀವೇ ಹೇಳಿ, ಏನು ಮಾಡಿದ ಹಾಗಾಯ್ತು ಅವನು?

ಒಂದು ದಿನ ಪೂರ್ತಿ ಕೊಳದಲ್ಲಿ ಮರಳು ಮೂಟೆ ಹೇರಿ ಬಿಟ್ಟು ನೋಡಿದ. ತೊಟ್ಟು ನೀರು ಒಳಗೆ ಬರ್ಲಿಲ್ಲ. ತಟ್ಟೋದೂ ನಿಂತಿತ್ತು. ಗೆದ್ದೆ ಅಂದ್ಕೊಂಡ.

ಫೋಟೋ ದಿನ ನಾನೂ ಹೋಗಿದ್ದೆ. ಮೋಡ ಮುಚ್ಚಿದ ಮಧ್ಯಾಹ್ನ. ‘ದೋಣಿ ತೂತಾಗಿ ಬಟ್ಟೆ ಒದ್ದೆಯಾಯ್ತು’ ಅಂತಷ್ಟೇ ಅಭಿರಾಮ ನಿಮಗೆ ಹೇಳಿದ್ದು, ಅಲ್ವಾ? ಅವನ ತಪ್ಪಿಲ್ಲ, ಅವನಿಗೆ ಕಂಡಿದ್ದು ಅಷ್ಟೇ. ಫೋಟೋದೋನು ಮೊದಲು ವಧು ಒಬ್ಬಳೇ ಇರಲಿ ಅಂದ. ಅಭಿರಾಮ ಮೆಟ್ಟಿಲ ಮೇಲೆ ನಿಂತ. ಅನನ್ಯ ಕೆಂಪು ಸೀರೆ ಉಟ್ಕೊಂಡು, ತಾವರೆ ಹೂವು ಹಿಡ್ಕೊಂಡು ದೋಣಿ ಮಧ್ಯೆ ಕೂತ್ಲು. ಹಗ್ಗ ಸಡಿಲ ಬಿಟ್ರು. ನೀರೇನು, ಎದೆಮಟ್ಟ ಇಲ್ಲ. ದೋಣಿ ಕೊಳದ ನಡುವಿಗೆ ಹೋಯ್ತು. ಆಗ… ಟಕ್ ಟಕ್.

ಎಲ್ಲರಿಗೂ ಕೇಳಿಸ್ತು. ಫೋಟೋದೋನು ನಕ್ಕ, ಅವಳೇ ತಟ್ತಿದಾಳೆ ಅಂತ. ಅವಳ ಎರಡೂ ಕೈಯಲ್ಲಿ ಹೂವಿತ್ತು. ಗೋವಿಂದನ ಮುಖ ನೋಡಿದೆ ನಾನು, ಸುಣ್ಣ ಬಳಿದ ಹಾಗಾಗಿತ್ತು. ‘ಬಂದೆ’ ಅಂದ್ರೆ ನಿಲ್ಲುತ್ತೆ ಅಂತ ಅವನಿಗೆ ಗೊತ್ತು, ಅನ್ನೋಕೆ ಬಾಯಿ ತೆಗೆದ, ಮಾತು ಬರ್ಲಿಲ್ಲ. ತಟ್ಟೋದು ಜೋರಾಯ್ತು. ಅನನ್ಯ ನಮ್ಮ ಕಡೆ ನೋಡ್ಲೇ ಇಲ್ಲ. ಬಗ್ಗಿ ಕಾಲಡಿಯ ಹಲಗೆ ನೋಡಿದ್ಲು, ಯಾರೋ ಪರಿಚಯದೋರಿಗೆ ಹೇಳೋ ಹಾಗೆ ಮೆಲ್ಲಗೆ, ‘ಬಂದೆ’ ಅಂದ್ಲು.

ಹಿತ್ತಾಳೆ ಪಟ್ಟಿ ಹಾರಿದ ಸದ್ದು ಕೇಳ್ತು. ದೋಣಿ ಮುಳುಗ್ಲಿಲ್ಲ ಕಣ್ರಮ್ಮ, ತೆರ್ಕೊಂತು. ನಡುವಿನ ಹಲಗೆ ಕೆಳಕ್ಕೆ ತೆರ್ಕೊಂಡು, ಕೂತಿದ್ದ ಹುಡುಗಿ ಎದ್ದು ನಿಂತು, ಹೊಸ್ತಿಲು ದಾಟೋ ಹಾಗೆ ಇಳಿದು ಹೋದ್ಲು. ಗೋವಿಂದ ಬಟ್ಟೆ ಸಮೇತ ಹಾರಿದ.

ನೋಡ್ತಿದ್ದ ನಮಗೆ ಅದು ಒಂದು ಉಸಿರಿನಷ್ಟು ಹೊತ್ತು. ಅವನು ಹಾರಿದ, ಮುಳುಗಿದ, ಮಗಳನ್ನ ಎತ್ಕೊಂಡು ಎದ್ದ. ಆದ್ರೆ ಅವನು ಆಮೇಲೆ ನನ್ನೊಬ್ಬಳ ಹತ್ರ ಹೇಳಿದ್ದು ಬೇರೆ. ಎದೆಮಟ್ಟವೂ ಇಲ್ಲದ ಕೊಳದಲ್ಲಿ ಅವನಿಗೆ ತಳ ಸಿಗ್ಲಿಲ್ಲವಂತೆ. ಕೈ ಚಾಚಿದ ಕಡೆ ಮಗಳಿರ್ಲಿಲ್ಲ, ಒಂದು ಮರದ ಬಾಗಿಲಿತ್ತಂತೆ. ಮುಚ್ಚಿದ ಬಾಗಿಲು, ನೆಟ್ಟಗೆ ನಿಂತಿತ್ತಂತೆ ನೀರೊಳಗೆ. ತಡವಿದ, ಚಿಲಕ ಇಲ್ಲ. ಆಗ ಗೊತ್ತಾಯ್ತಂತೆ, ಈಗ ಒಳಗಡೆ ಇರೋನು ನಾನು ಅಂತ. ತಟ್ಟಿದ. ಬಡಿದ. ಎರಡೂ ಕೈಯಲ್ಲಿ ಗುದ್ದಿದ. ಎಷ್ಟು ಹೊತ್ತು ಅಂತ ಅವನಿಗೇ ಗೊತ್ತಿಲ್ಲ, ಒಂದು ಹಗಲು ಕಳೆದು ಕತ್ತಲಾದ ಹಾಗೆ ಅನ್ನಿಸ್ತಂತೆ. ಆ ಕಡೆಯಿಂದ ಒಂದು ಹೆಣ್ಣು ಧ್ವನಿ, ಸಮಾಧಾನವಾಗಿ, ಸ್ವಲ್ಪವೂ ಅವಸರ ಇಲ್ಲದೆ…

‘ಬಂದೆ… ಬಂದೆ…’

ತೆಗೀಲಿಲ್ಲ. ಮತ್ತೆ ಬಡಿದ. ‘ಬಂದೆ.’ ಮತ್ತೆ ಬಡಿದ. ‘ಬಂದೆ.’

ಕೊನೆಗೆ ತೆಗೆದಳಲ್ಲ, ಅದು ಅವಳ ದೊಡ್ಡತನ. ಅವಳಿಗೆ ನಾವು ತೆಗೆದಿರಲಿಲ್ಲ.

ದಡಕ್ಕೆ ಎಳೆದಾಗ ಅವನ ಎರಡೂ ಕೈ ಗೆಣ್ಣಿನ ಚರ್ಮ ಕಿತ್ತುಹೋಗಿ ಮಾಂಸ ಕಾಣ್ತಿತ್ತು. ಒಂದು ಉಸಿರಿನಷ್ಟು ಹೊತ್ತಿಗೆ ಹಾಗಾಗುತ್ತಾ? ಕೊಳ ಖಾಲಿ ಮಾಡಿಸಿದ್ರು ಮಾರನೇ ದಿನ. ಮೊಳೆ ಸಿಕ್ತು, ಪಟ್ಟಿ ಸಿಕ್ತು. ಆ ಹಲಗೆ ಸಿಗ್ಲಿಲ್ಲ. ಗೋವಿಂದ ಮನೆಗೆ ಬಂದೋನೇ ಕೈಗೆ ಬಟ್ಟೆ ಸುತ್ಕೊಂಡು ಎಲ್ಲ ಬಾಗಿಲ ಚಿಲಕ ಬಿಚ್ಚಿದ. ಇವತ್ತಿಗೂ ಯಾರಾದ್ರೂ ಬಾಗಿಲು ತಟ್ಟಿದ್ರೆ ಬಾಯಿ ಬಿಡಲ್ಲ. ಊಟದ ಮಧ್ಯೆ ಇದ್ರೂ ಎದ್ದು ಹೋಗಿ ತೆಗೀತಾನೆ.

*

ಚಂದ್ರಮತಿ ಮಾತು ನಿಲ್ಲಿಸಿ ಒಂದು ಲೋಟ ನೀರು ಕುಡಿದರು. ಮಳೆ ಇಳಿಮುಖವಾಗಿತ್ತು.

“ಇನ್ನು ಅನನ್ಯ” ಎಂದರು. “ನಿಮ್ಮನೇಲಿ ಅವಳು ರೂಮಿಂದ ಹೊರಗೆ ಬರೋ ಮುಂಚೆ ಒಳಗಿಂದ ಬಾಗಿಲು ತಟ್ತಾಳೆ, ಅಲ್ವಾ? ಬಾಗಿಲು ಬರೀ ಮುಂದಕ್ಕೆ ಹಾಕಿರುತ್ತೆ, ಎಳೆದ್ರೆ ಬರುತ್ತೆ. ಆದ್ರೂ ತಟ್ಟಿ, ಯಾರಾದ್ರೂ ಬಂದು ತೆಗೆಯೋವರೆಗೂ ನಿಂತಿರ್ತಾಳೆ. ಅದನ್ನೇ ತಾನೇ ನೀವು ಕೇಳ್ಬೇಕು ಅಂದ್ಕೊಂಡಿದ್ದು?”

ಶಿಲ್ಪಶ್ರೀ ತಾಯಿಯ ಮುಖ ನೋಡಿದಳು. ಮೈತ್ರೇಯಿ ಸೆರಗಿನ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು.

“ಹುಚ್ಚಲ್ಲ ಕಣ್ರಮ್ಮ ಅದು. ದೇವರ ಮೇಲೆ ಆಣೆ ಇಡ್ತೀನಿ. ಹೋಗಿ ತೆಗೆದ್ರೆ ಆಯ್ತು, ನಗ್ತಾ ಬರ್ತಾಳೆ. ಕೂತಲ್ಲಿಂದ ‘ಬಂದೆ’ ಅಂದು ಸುಮ್ನಾಗಬಾರದು, ಅಷ್ಟೇ ನಾನು ನಿಮ್ಮನ್ನ ಬೇಡೋದು.”

ಮೈತ್ರೇಯಿ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದರು. ಕೇಳಬೇಕೆಂದು ತಂದಿದ್ದ ಪ್ರಶ್ನೆಗಳಲ್ಲಿ ಒಂದೂ ಅವರಿಗೆ ಈಗ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಬೇರೆಯೇ, ಅದನ್ನು ಹೇಳುವಾಗ ಅವರ ಧ್ವನಿ ಅವರಿಗೇ ಅಪರಿಚಿತವಾಗಿತ್ತು.

“ಅನನ್ಯ ಇಲ್ಲಿಗೆ ಬಂದು ತಿಂಗಳಾಯ್ತಲ್ಲ. ಡಾಕ್ಟ್ರು ಮಹಡಿ ಹತ್ತಬಾರದು ಅಂದ್ಮೇಲೆ ಅವಳ ರೂಮು ಖಾಲಿ ಇದೆ, ಅಭಿ ಕೆಳಗೆ ಮಲಗ್ತಾನೆ. ಇವತ್ತು ಮಧ್ಯಾಹ್ನ ಚಕ್ಕುಲಿ ಒತ್ತುತಾ ಇದ್ದೆ, ಕೈಯೆಲ್ಲ ಹಿಟ್ಟು… ಮೇಲಿನ ರೂಮಿಂದ ತಟ್ಟಿದ ಹಾಗಾಯ್ತು. ಅವಳಿಲ್ಲ ಅನ್ನೋದು ಆ ಕ್ಷಣಕ್ಕೆ ಮರೆತುಹೋಗಿತ್ತು.”

“ಏನಂದ್ರಿ?” ಎಂದರು ಚಂದ್ರಮತಿ.

“ಬಂದೆ ಅಂದೆ.”

“ಹೋಗಿ ತೆಗೆದ್ರಾ?”

ಮೈತ್ರೇಯಿ ಇಲ್ಲವೆಂದು ತಲೆಯಾಡಿಸಿದರು. ಗಾಳಿಗೆ ಕಿಟಕಿ ಬಡಿದಿರಬೇಕು ಅಂದುಕೊಂಡಿದ್ದರು, ಆಮೇಲೆ ಮಹಡಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಸಿಕ್ಕಿಸಿ, ಮನೆಗೆ ಬೀಗ ಹಾಕಿಕೊಂಡು ಆಟೋ ಹತ್ತಿದ್ದರು. ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ, ಚಂದ್ರಮತಿ ಕೇಳಲೂ ಇಲ್ಲ.

ಗೇಟಿನ ಹತ್ತಿರ ಗೋವಿಂದರಾಜುವಿನ ಸ್ಕೂಟರು ನಿಂತ ಸದ್ದಾಯಿತು. ಚಂದ್ರಮತಿ ಮುಂದಕ್ಕೆ ಬಾಗಿ ಮೈತ್ರೇಯಿಯ ಕೈ ಹಿಡಿದುಕೊಂಡರು. ಅವರ ಧ್ವನಿ ತಗ್ಗಿತ್ತು.

“ಮಳೆ ನಿಂತಿದೆ. ಈಗಲೇ ಹೊರಡಿ. ಹೋಗಿ ತೆಗೆದು, ಪಕ್ಕಕ್ಕೆ ಸರಿದು ದಾರಿ ಬಿಡಿ, ಬಂದೋರು ಯಾರು ಅಂತ ತಲೆ ಎತ್ತಿ ನೋಡ್ಬೇಡಿ. ಬಾಗಿಲು ತೆಗೆಯೋಕೆ ಅಭಿರಾಮನ್ನ ಮುಂದೆ ಬಿಡ್ಬೇಡಿ ಮೈತ್ರೇಯಿಯವರೇ. ಬಂದೆ ಅಂದೋರು ನೀವು.”